ಬುಡಮೇಲು ಮಾಡಿದಾಗ ಕಂಡ ಸೇತುವೆ

ಹದಿನಾರನೇ ಶತಮಾನದವರೆಗೂ ಯುರೋಪಿನ ಅಂಗರಚನಾ ಪಂಡಿತರು ಮಿದುಳನ್ನು ಬುರುಡೆಯಲ್ಲೇ ಬಿಟ್ಟು, ನೆತ್ತಿಯಿಂದ ಕೆಳಕ್ಕೆ ಪದರ ಪದರವಾಗಿ ಕೊಯ್ಯುತ್ತ ಬರುತ್ತಿದ್ದರು. ಬುಡ ತಲುಪುವ ಹೊತ್ತಿಗೆ ಅಲ್ಲಿನ ಮೆತ್ತನೆಯ ಭಾಗಗಳು ನಜ್ಜುಗುಜ್ಜಾಗಿರುತ್ತಿದ್ದವು. ಬೊಲೊನ್ಯದ ಕೊಸ್ತಾಂಜೊ ವರೋಲಿಯೊ ಮಿದುಳನ್ನು ಇಡಿಯಾಗಿ ಹೊರತೆಗೆದು, ಬುಡ ಮೇಲಾಗುವಂತೆ ಇಟ್ಟು, ಅಲ್ಲಿಂದ ಕೊಯ್ಯಲು ತೊಡಗಿದ. ಆಗ ಕಂಡದ್ದು ಮಿದುಳಕಾಂಡದ ನಡುವಿನ ದಪ್ಪನೆಯ ಉಬ್ಬು, ಅದರ ಮೇಲೆ ಅಡ್ಡಡ್ಡ ಹಾದುಹೋದ ಬಿಳಿಯ ಎಳೆಗಳು. ಕಾಲುವೆಯ ಮೇಲಿನ ಸೇತುವೆಯಂತಿದೆ ಎಂದು ಅದನ್ನು ‘ಪಾನ್ಸ್’ ಎಂದು ಕರೆದ. ಅವನ ಬರಹ 1573ರಲ್ಲಿ ಪದುವಾದಲ್ಲಿ ಅಚ್ಚಾಯಿತು; ಎರಡೇ ವರ್ಷದಲ್ಲಿ, ಮೂವತ್ತೆರಡರ ಪ್ರಾಯದಲ್ಲಿ, ಅವನು ತೀರಿಕೊಂಡ.

ಇನ್ನೊಬ್ಬ ಅಂಗರಚನಾ ಪಂಡಿತ ಬಾರ್ತೊಲೊಮಿಯೊ ಯುಸ್ತಾಕಿ ಇದೇ ಭಾಗವನ್ನು 1552ರಲ್ಲೇ ಚಿತ್ರಿಸಿದ್ದ. ಆ ಫಲಕಗಳು ಬೆಳಕು ಕಂಡದ್ದು 1714ರಲ್ಲಿ. ಅಷ್ಟರಲ್ಲಿ ಸೇತುವೆಗೆ ವರೋಲಿಯೊನ ಹೆಸರು ಅಂಟಿಕೊಂಡಿತ್ತು.

ನೋಡುವುದಕ್ಕೆ ಈ ಸೇತುವೆ ಕಿರುಮಿದುಳಿನ ಎರಡು ಪಾಲುಗಳನ್ನು ಜೋಡಿಸುವಂತೆ ಕಾಣುತ್ತದೆ. ನಿಜವಾದ ಕೆಲಸ ಬೇರೆ. ಹಿರಿಮಿದುಳಿನ ಒಂದು ಬದಿಯಿಂದ ಇಳಿದ ಸಂದೇಶ ಇಲ್ಲಿನ ನರಕೋಶಗಳಿಗೆ ಮುಟ್ಟಿ, ಅಡ್ಡ ದಾಟಿ, ಎದುರು ಬದಿಯ ಕಿರುಮಿದುಳಿಗೆ ಹೋಗುತ್ತದೆ. ಕೈಕಾಲು, ನಾಲಿಗೆಗಳಿಗೆ ಇಳಿಯುವ ಆಜ್ಞೆಗಳ ದಾರಿಯೂ ಇದರ ಮುಂಭಾಗದಲ್ಲೇ ಇದೆ.

ಎರಡೂವರೆ ಸೆಂಟಿಮೀಟರ್ ಉದ್ದದ ಈ ಜಾಗದ ಮುಂಭಾಗಕ್ಕೆ ರಕ್ತ ನಿಂತರೆ ಆಗುವ ಅನಾಹುತ ಘೋರ. ಮೈ ಕದಲದು, ಮಾತು ಹೊರಡದು. ಆದರೆ ಎಚ್ಚರ ಉಳಿಸುವ ಹಿಂಭಾಗ ಕೆಡದಿದ್ದರೆ ರೋಗಿಗೆ ಎಲ್ಲವೂ ಕೇಳಿಸುತ್ತದೆ, ತಿಳಿಯುತ್ತದೆ. ಕಣ್ಣನ್ನು ಮೇಲೆ ಕೆಳಗೆ ಆಡಿಸುವ, ರೆಪ್ಪೆ ಎತ್ತುವ ನರಗಳ ಮೂಲ ಇನ್ನೂ ಮೇಲೆ, ನಡುಮಿದುಳಿನಲ್ಲಿರುವುದರಿಂದ ಅಷ್ಟು ಮಾತ್ರ ಸಾಧ್ಯ. ಫ್ರೆಂಚ್ ಪತ್ರಕರ್ತ ಜಾನ್ ಡೊಮಿನಿಕ್ ಬೋಬಿಗೆ 1995ರ ಡಿಸೆಂಬರಿನಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಅವನಿಗೆ ಉಳಿದದ್ದು ಎಡಗಣ್ಣಿನ ರೆಪ್ಪೆ. ಜೊತೆಗಿದ್ದವರು ಅಕ್ಷರಗಳನ್ನು ಒಂದೊಂದಾಗಿ ಓದುವರು, ಬೇಕಾದದ್ದು ಬಂದಾಗ ಅವನು ರೆಪ್ಪೆ ಬಡಿಯುವನು. ಹೀಗೆ ಒಂದು ಇಡೀ ಪುಸ್ತಕ ಬರೆಸಿದ; ಅದು 1997ರಲ್ಲಿ ಪ್ರಕಟವಾಯಿತು.

ಇಂಥ ರೋಗಿಯ ಹಾಸಿಗೆ ಮುಂದೆ ನಿಂತು ‘ಪ್ರಜ್ಞೆಯಿಲ್ಲ’ ಎಂದು ಬರೆಯುವ ಮೊದಲು ‘ಮೇಲೆ ನೋಡಿ, ಕೆಳಗೆ ನೋಡಿ’ ಎಂದು ಕೇಳಲೇಬೇಕು. ಎಷ್ಟೋ ಸಲ ಆ ಕಣ್ಣಿನ ಉತ್ತರವನ್ನು ವೈದ್ಯರಿಗಿಂತ ಮೊದಲು ಗುರುತಿಸುವವರು ಪಕ್ಕದಲ್ಲಿ ಕೂತ ಮನೆಯವರು.