ಕೇಳಿದ್ದನ್ನು ಮರೆಯುವುದು ಹೇಗೆ?

ಕಥೆ ಬರೆಯುವಾಗ ಬೇಡವೆನಿಸಿದ ಸಾಲನ್ನು ಗೀಚಿ ಹಾಕುತ್ತೇನೆ. ಓದುಗರಿಗೆ ಅದು ಕಾಣುವುದೇ ಇಲ್ಲ. ಆದರೆ ಸಭೆಯಲ್ಲಿ ಗಟ್ಟಿಯಾಗಿ ಓದಿದ ಮೇಲೆ 'ಆ ಸಾಲು ಕೇಳಿಲ್ಲವೆಂದುಕೊಳ್ಳಿ' ಎಂದರೆ? ಎಲ್ಲರೂ ಆ ಸಾಲನ್ನೇ ಮನೆಗೆ ಒಯ್ಯುತ್ತಾರೆ.

ಜ್ಯೂರಿ ಪದ್ಧತಿಯ ನ್ಯಾಯಾಲಯಗಳಲ್ಲಿ ಈ ಪೇಚು ದಿನನಿತ್ಯದ್ದು. ಸಾಕ್ಷಿಯ ಬಾಯಿಂದ ಆರೋಪಿಯ ಹಳೆಯ ಜೈಲುವಾಸದ ಮಾತು ಜಾರಿತೆನ್ನಿ. ಜ್ಯೂರಿಯನ್ನು ವಿಸರ್ಜಿಸಿ ಹೊಸದಾಗಿ ವಿಚಾರಣೆ ನಡೆಸಿ ಎಂದು ವಕೀಲರು ಕೇಳುತ್ತಾರೆ. ನ್ಯಾಯಾಧೀಶರು ಒಪ್ಪದೆ, 'ಆ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ' ಎಂದು ಜ್ಯೂರಿಗೆ ತಾಕೀತು ಮಾಡಿ ಮುಂದುವರಿಯಬಹುದು. ಮುಂದೆ ಆ ನಿರಾಕರಣೆಯೇ ಮೇಲ್ಮನವಿಗೆ ಆಧಾರ.

ಆ ತಾಕೀತಿಗೆ ಎಷ್ಟು ಬಲ? ಅಮೆರಿಕದ ಬ್ರೂಟನ್ ಪ್ರಕರಣವನ್ನು ನೋಡಿ. ಅಂಚೆ ದರೋಡೆಯ ಆರೋಪದಲ್ಲಿ ಇಬ್ಬರ ವಿಚಾರಣೆ ಒಟ್ಟಿಗೆ ನಡೆಯಿತು. ಇಬ್ಬರೂ ಸೇರಿ ಮಾಡಿದೆವೆಂದು ಸಹ ಆರೋಪಿ ಅಂಚೆ ಇಲಾಖೆಯ ತನಿಖಾಧಿಕಾರಿಯೆದುರು ಹೇಳಿದ್ದ. ಆತ ಕೋರ್ಟಿನಲ್ಲಿ ಸಾಕ್ಷಿ ನುಡಿಯಲಿಲ್ಲ. ಬ್ರೂಟನ್‌ಗೆ ಪಾಟೀಸವಾಲಿನ ಅವಕಾಶವೂ ಸಿಗಲಿಲ್ಲ. ಈ ತಪ್ಪೊಪ್ಪಿಗೆಯನ್ನು ಬ್ರೂಟನ್ ವಿರುದ್ಧ ಬಳಸಬೇಡಿ ಎಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದರು. ಇಬ್ಬರೂ ಅಪರಾಧಿಗಳೆಂದು ತೀರ್ಪಾಯಿತು. ಮೇಲ್ಮನವಿಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ತಪ್ಪೊಪ್ಪಿಗೆಯನ್ನು ಸ್ವೀಕರಿಸಿದ್ದೇ ತಪ್ಪೆಂದು, ಅದನ್ನು ಹೇಳಿದವನ ಶಿಕ್ಷೆ ರದ್ದಾಯಿತು. ತಾಕೀತು ಮಾಡಲಾಗಿದೆಯಲ್ಲ ಎಂದು ಬ್ರೂಟನ್‌ನ ಶಿಕ್ಷೆ ಉಳಿಯಿತು! 1968ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ರದ್ದುಮಾಡಿತು. ಕೆಲವು ಸಂದರ್ಭಗಳಲ್ಲಿ ಜ್ಯೂರಿ ಇಂಥ ತಾಕೀತನ್ನು ಪಾಲಿಸಲಾರದು ಎಂಬುದನ್ನು ನ್ಯಾಯಮೂರ್ತಿ ಬ್ರೆನನ್ ಒಪ್ಪಿಕೊಂಡರು. 1957ರಲ್ಲಿ ಇದೇ ಕೋರ್ಟು ತಾಕೀತು ಸಾಕೆಂದು ನಂಬಿತ್ತು.

ಹಾಗೆಂದು ಪ್ರತಿ ಜಾರುಮಾತಿಗೂ ಜ್ಯೂರಿಯನ್ನು ಕಳಿಸಲಾದೀತೆ? ನೊಂದವರು ತಮ್ಮ ನೋವನ್ನು ಮತ್ತೊಮ್ಮೆ ಹೇಳಬೇಕು. ಆರೋಪಿ ಜೈಲಿನಲ್ಲೇ ಕಾಯಬೇಕಾದೀತು. ಮರುವಿಚಾರಣೆಯೂ ಒಂದು ಶಿಕ್ಷೆಯೇ. ಆದರೂ, ಮನಸ್ಸಿಗೆ ಆಗದ್ದನ್ನು ಆಯಿತೆಂದು ಬರೆದುಕೊಂಡು ಒಬ್ಬನನ್ನು ಜೈಲಿಗೆ ಕಳಿಸುವುದಕ್ಕಿಂತ ಆ ಕಷ್ಟ ಮೇಲು ಎಂದು ನನಗನಿಸುತ್ತದೆ.

ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಯನ್ನು ಕೈಬಿಟ್ಟಿತು. ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂಬ 1872ರ ನಿಯಮ 2023ರ ಹೊಸ ಸಾಕ್ಷ್ಯ ಕಾನೂನಿನಲ್ಲೂ ಉಳಿದಿದೆ. ಆದರೆ ಸಾಕ್ಷ್ಯವನ್ನು ಕೇಳಿ ತಳ್ಳಿಹಾಕುವವರೂ ತೀರ್ಪು ಕೊಡುವವರೂ ಈಗ ಒಬ್ಬರೇ ನ್ಯಾಯಾಧೀಶರು. ಅವರೂ ಮನುಷ್ಯರೇ ಅಲ್ಲವೆ?

ಕೋರ್ಟಿನ ಹೊರಗಿನ ನಮ್ಮ ಮಾತೇನು? 'ಅವನ ಬಗ್ಗೆ ಏನೋ ಕೇಳಿದೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ' ಎಂದು ಚಹಾದಂಗಡಿಯಲ್ಲಿ ಒಬ್ಬರು ಪಿಸುಗುಡುತ್ತಾರೆ. ಮನಸ್ಸು ಅಷ್ಟರಲ್ಲೇ ಹಚ್ಚಿಕೊಂಡಿರುತ್ತದೆ. ಅಲ್ಲಿ ವಿಸರ್ಜಿಸಲು ಜ್ಯೂರಿಯಿಲ್ಲ, ಮೇಲ್ಮನವಿಯೂ ಇಲ್ಲ. ಹೇಳುವ ಮೊದಲು ನಾಲಿಗೆಯನ್ನು ಹಿಡಿಯುವುದೊಂದೇ ದಾರಿ.