ಗಡಿಯಾರದ ನುಡಿ, ಗಡಿಯಾರದ ನಡೆ



ಸುರಪುರ ಸೀಮೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನಾನು ಇಂದು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕಾಗಿದೆ. ಪ್ರಾರ್ಥನೆಗೆ ತಡವಾಗಿ ಬಂದನೆಂದು ಒಬ್ಬ ಬಾಲಕನನ್ನು ಬಾಗಿಲ ಹೊರಗೆ ನಿಲ್ಲಿಸಿದೆನು. “ಗುರುಗಳೆ, ಹೊತ್ತಿಗೆ ಸರಿಯಾಗಿ ಬಂದೀನ್ರಿ” ಎಂದು ಅವನು ಬೇಡಿಕೊಂಡರೂ ಕಿವಿಗೊಡಲಿಲ್ಲ. ನನ್ನ ಮುಂಗೈಯ ಡಿಜಿಟಲ್ ಗಡಿಯಾರವು ಸೆಕೆಂಡಿನವರೆಗೂ ಅಂಕಿ ತೋರಿಸುತ್ತಿತ್ತು. ಅಷ್ಟು ಸ್ಪಷ್ಟವಾಗಿ ನುಡಿಯುವುದು ಸುಳ್ಳಾಡೀತೆ ಎಂದು ನಂಬಿದ್ದೆನು. ಸಂಜೆ ಆಕಾಶವಾಣಿಯ ಸಮಯಸೂಚನೆಯೊಡನೆ ಹೋಲಿಸಿ ನೋಡಿದರೆ ಗಡಿಯಾರವು 5 ನಿಮಿಷ ಮುಂದಿತ್ತು. ಬಾಲಕನ ಮಾತೇ ಸತ್ಯವಾಗಿತ್ತು.

ಈ 5 ನಿಮಿಷ ಒಂದೇ ದಿನದಲ್ಲಿ ಹುಟ್ಟಿದುದಲ್ಲ. ದಿನಕ್ಕೆ 2 ಸೆಕೆಂಡು ಹೆಚ್ಚಿದರೂ 150 ದಿನಗಳಲ್ಲಿ 5 ನಿಮಿಷವಾಗುತ್ತದೆ. ಇಂತಹ ಗಡಿಯಾರದೊಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಕಂಪನಗಳನ್ನೆಣಿಸಿಯೇ ಯಂತ್ರವು ಕಾಲವನ್ನು ಅಳೆಯುತ್ತದೆ. ಸೆಕೆಂಡಿಗೆ ಒಂದು ಕಂಪನಕ್ಕಿಂತಲೂ ಕಡಿಮೆ ವ್ಯತ್ಯಾಸವೇ ದಿನಕ್ಕೆ 2 ಸೆಕೆಂಡಿನ ದೋಷವಾಗುತ್ತದೆ. ನಮ್ಮ ಸೀಮೆಯ ಮುದನೂರಿನ ದಾಸಿಮಯ್ಯನವರದು ಮಗ್ಗದ ಕಾಯಕ. ಒಂದೆಳೆ ತಪ್ಪಿದರೆ ಬಟ್ಟೆಯೆಲ್ಲ ಕೆಡುವುದೆಂದು ನೇಕಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದನ್ನು ತಿದ್ದುವ ಬಗೆ ಎರಡು. ಗುಂಡಿ ಒತ್ತಿ ಅಂಕಿಗಳನ್ನು ಸರಿಪಡಿಸುವುದು ಮೊದಲನೆಯದು. ಇದು ನುಡಿಯ ತಿದ್ದುಗೆ. ನಡೆ ಹಿಂದಿನಂತೆಯೇ ಉಳಿಯುವುದರಿಂದ ಮರುದಿನವೇ ದೋಷ ಮೊದಲಾಗುತ್ತದೆ. ಎರಡನೆಯದು ನಡೆಯ ತಿದ್ದುಗೆ. ಕೆಲವು ಗಡಿಯಾರಗಳೊಳಗೆ ಸ್ಫಟಿಕದ ಕಂಪನವನ್ನು ಕೊಂಚ ಏರಿಳಿಸುವ ಸಣ್ಣ ತಿರುಪಿರುತ್ತದೆ. ಗಡಿಯಾರವನ್ನು ಸರಿಹೊಂದಿಸಿ, 10 ದಿನ ಬಿಟ್ಟು, ಸಮಯಸೂಚನೆಯೊಡನೆ ಹೋಲಿಸಿ, ಎಷ್ಟು ತಪ್ಪಿತೆಂದು ಬರೆದಿಡಬೇಕು. ರಿಪೇರಿ ಬಲ್ಲವನು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಮತ್ತೆ 10 ದಿನ ಕಾಯಬೇಕು. ಆತುರದಿಂದ ಹೆಚ್ಚು ತಿರುಗಿಸಿದರೆ ಮುಂದೆ ಓಡುತ್ತಿದ್ದುದು ಹಿಂದೆ ಬೀಳುತ್ತದೆ.

ಮತ್ತೊಂದು ವಿಷಯವನ್ನು ಗಮನಿಸಿರಿ. ಈ ಸ್ಫಟಿಕವನ್ನು ಸುಮಾರು 25 ಡಿಗ್ರಿ ಉಷ್ಣತೆಗೆ ಹೊಂದುವಂತೆ ರೂಪಿಸಿರುತ್ತಾರೆ. ಅದಕ್ಕಿಂತ ಬಹಳ ಕಾದರೂ ತಣಿದರೂ ಅದರ ಗತಿ ನಿಧಾನವಾಗುತ್ತದೆ. ಯಾದಗಿರಿ, ಶಹಾಪುರಗಳ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದು ನಮಗೆ ಹೊಸದಲ್ಲ. ಆ ಬಿಸಿಲು ಬೀಳುವ ಕಿಟಕಿಯಲ್ಲಿ ಬಿಚ್ಚಿಟ್ಟ ಗಡಿಯಾರದ ಗತಿ ಕದಲುತ್ತದೆ. ಮೈಮೇಲೆ ಧರಿಸಿದುದು ದೇಹದ ಆಸರೆಯಿಂದ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಇಷ್ಟಲಿಂಗವನ್ನು ಅಂಗದಿಂದ ಅಗಲಿಸದಿರಿ ಎಂದು ಗುರುವು ವಿಧಿಸಿದುದರ ಒಂದು ಮರ್ಮ ನನಗೆ ಇಲ್ಲಿ ಹೊಳೆಯಿತು. ಜಗುಲಿಯ ಮೇಲೆ ಬಿಟ್ಟುಬಂದ ಭಕ್ತಿ ಸಂತೆಯ ಬಿಸಿಯಲ್ಲಿ ಕದಲುತ್ತದೆ. ಅಂಗದೊಡನೆ ಸಂತೆಗೂ ಹೊಲಕ್ಕೂ ಬರುವ ಭಕ್ತಿ ಗತಿ ತಪ್ಪದು.

ಮರುದಿನ ಪ್ರಾರ್ಥನೆಯಲ್ಲಿ ಎಲ್ಲರೆದುರು ಆ ಬಾಲಕನ ಕ್ಷಮೆ ಕೇಳಿದೆನು. ಅವನು ತಲೆ ತಗ್ಗಿಸಿ ನಕ್ಕನು. ನನ್ನ ಮನಸ್ಸು ಹಗುರಾಯಿತು. ಆದರೆ ಅದು ಅಂಕಿಗಳನ್ನು ಸರಿಪಡಿಸಿದಂತೆ ಮಾತ್ರ. ದಂಡಿಸುವ ಮೊದಲು ಕೇಳುವುದನ್ನೂ, ತಾನೇ ಸರಿಯೆಂಬ ಹಮ್ಮನ್ನು ಬಿಡುವುದನ್ನೂ ರೂಢಿಸಿಕೊಂಡಾಗಲೇ ನನ್ನ ನಡೆ ತಿದ್ದಿತೆನ್ನಬಹುದು. ಆ ತಿರುಪನ್ನು ದಿನವೂ ಕೊಂಚ ಕೊಂಚವಾಗಿ ತಿರುಗಿಸುತ್ತಿದ್ದೇನೆ. ತಾವೂ ಇಂದು ರಾತ್ರಿ ಪೂಜೆಗೆ ಕುಳಿತಾಗ, ಬೆಳಗಿನಿಂದ ಎಷ್ಟು ಸೆಕೆಂಡು ತಪ್ಪಿದೆವೆಂದು ಒಮ್ಮೆ ಎಣಿಸಿ ನೋಡಿರಿ.