ಮೊಲದ ಕೊಂಬು: ಕಲ್ಪಿತ ಜೀವಿಗಳಲ್ಲಿ ಹೊಸದೆಂಬುದು ಎಲ್ಲಿದೆ?

ಭಾರತೀಯ ತರ್ಕಗ್ರಂಥಗಳಲ್ಲಿ ಇಲ್ಲದ ವಸ್ತುವಿಗೆ ನಿದರ್ಶನ ಕೊಡಬೇಕಾದಾಗಲೆಲ್ಲ ಶಶವಿಷಾಣ, ಅಂದರೆ ಮೊಲದ ಕೊಂಬು, ಮತ್ತು ಗಗನಕುಸುಮ, ಅಂದರೆ ಆಕಾಶದಲ್ಲಿ ಅರಳಿದ ಹೂವು, ಇವೆರಡು ಮತ್ತೆ ಮತ್ತೆ ಬರುತ್ತವೆ. ಕಾಲ್ಪನಿಕ ಲೋಕವೊಂದನ್ನು ಕಟ್ಟಿ, ಎಲ್ಲೂ ಇಲ್ಲದ ಗಿಡಮರಗಳನ್ನೂ ಪ್ರಾಣಿಪಕ್ಷಿಗಳನ್ನೂ ಅದರಲ್ಲಿ ನೆಲೆಗೊಳಿಸಲು ಹೊರಡುವ ಇಂದಿನ ಕಾದಂಬರಿಕಾರನಿಗೆ ಎದುರಾಗುವ ಪ್ರಶ್ನೆ ಈ ನಿದರ್ಶನಗಳಲ್ಲೇ ಅಡಗಿದೆ: ಇಲ್ಲದ್ದನ್ನು ಮನಸ್ಸು ಯಾವುದರಿಂದ ಮಾಡುತ್ತದೆ, ಹಾಗೆ ಮಾಡಿದ್ದರಲ್ಲಿ ನಿಜಕ್ಕೂ ಹೊಸದು ಯಾವುದು?

ಪತಂಜಲಿಯ ಯೋಗಸೂತ್ರವು ವಿಕಲ್ಪವೆಂಬ ಒಂದು ಚಿತ್ತವೃತ್ತಿಯನ್ನು ಹೇಳುತ್ತದೆ. ಮಾತು ಕಿವಿಗೆ ಬಿದ್ದೊಡನೆ ಮೂಡುವ, ಆದರೆ ಹಿಂದೆ ಯಾವ ವಸ್ತುವೂ ಇಲ್ಲದ ತಿಳಿವಳಿಕೆಗೆ ಆ ಹೆಸರು. ನೈಯಾಯಿಕರಿಗೆ ಇಷ್ಟರಿಂದ ತೃಪ್ತಿಯಿಲ್ಲ. ಯಾವುದನ್ನಾದರೂ 'ಇಲ್ಲ' ಎನ್ನಬೇಕಾದರೆ ಆ ನಿಷೇಧಕ್ಕೆ ಒಳಗಾಗುವ ವಸ್ತು, ಅವರ ಪರಿಭಾಷೆಯಲ್ಲಿ ಪ್ರತಿಯೋಗಿ, ಬೇರೆಲ್ಲಾದರೂ ಇದ್ದು ಅನುಭವಕ್ಕೆ ಬಂದಿರಲೇಬೇಕೆಂಬುದು ಅವರ ನಿಲುವು. ಆದ್ದರಿಂದ ಹತ್ತು-ಹನ್ನೊಂದನೆಯ ಶತಮಾನದ ಉದಯನಾಚಾರ್ಯ 'ಮೊಲದ ಕೊಂಬು ಇಲ್ಲ' ಎಂಬ ಮಾತನ್ನು 'ಮೊಲದಲ್ಲಿ ಕೊಂಬು ಇಲ್ಲ' ಎಂದು ಬಿಡಿಸಿ ಓದುತ್ತಾನೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಕುರುಚಲು ಕಾಡಿನಲ್ಲಿ ಮೊಲ ಉಂಟು. ಅದೇ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬರುವ ಹಳ್ಳಿಕಾರ್ ಎತ್ತುಗಳಿಗೆ ಹಿಂದಕ್ಕೆ ಬಾಗಿದ ನೀಳವಾದ ಕೊಂಬೂ ಉಂಟು. ಇಲ್ಲದಿರುವುದು ಇವೆರಡರ ನಡುವಿನ ಸಂಬಂಧ ಮಾತ್ರ.

ಪಾಶ್ಚಾತ್ಯ ಚಿಂತಕರೂ ಬಹುಮಟ್ಟಿಗೆ ಇಲ್ಲಿಗೇ ಬಂದು ಮುಟ್ಟಿದರು. 1748ರ ಕೃತಿಯೊಂದರಲ್ಲಿ ಡೇವಿಡ್ ಹ್ಯೂಮ್, ಇಂದ್ರಿಯಗಳು ಕೊಟ್ಟ ಸಾಮಗ್ರಿಯನ್ನು ಕೂಡಿಸುವುದು, ಸ್ಥಾನ ಬದಲಿಸುವುದು, ಹಿಗ್ಗಿಸುವುದು, ಕುಗ್ಗಿಸುವುದು ಇವಿಷ್ಟೇ ಕಲ್ಪನೆಯ ಶಕ್ತಿ ಎಂದ. ಈ ಪೈಕಿ ಎರಡಕ್ಕೆ ಘಾಟಿಯ ಗರ್ಭಗುಡಿಯಲ್ಲಿ ಒಂದೇ ಕಲ್ಲಿನಲ್ಲಿ ಉದಾಹರಣೆ ಸಿಗುತ್ತದೆ. ಅಲ್ಲಿ ಪೂರ್ವಕ್ಕೆ ಮುಖಮಾಡಿದ ಏಳು ಹೆಡೆಯ ನಾಗರೂಪದ ಸುಬ್ರಹ್ಮಣ್ಯನಿದ್ದಾನೆ, ಅವನ ಬೆನ್ನಿಗೆ ಬೆನ್ನು ಹಚ್ಚಿ ಪಶ್ಚಿಮಕ್ಕೆ ಮುಖಮಾಡಿದ, ಹಿಂದೆ ಇಟ್ಟ ಕನ್ನಡಿಯಲ್ಲಿ ಭಕ್ತರಿಗೆ ಕಾಣುವ ನರಸಿಂಹನಿದ್ದಾನೆ. ಇರುವ ಅಂಗವೊಂದನ್ನು ಹೆಚ್ಚಿಸಿದ್ದು ಮೊದಲನೆಯ ರೂಪ, ಬೇರೆಬೇರೆ ಎರಡು ಜೀವಿಗಳನ್ನು ಕೂಡಿಸಿದ್ದು ಎರಡನೆಯದು.

ಅಂಗಗಳೆಲ್ಲ ಎರವಲು ಎಂದಮೇಲೆ ಸ್ವಂತಿಕೆಯ ಮಾತೇ ಹುಸಿಯೆಂದು ತೀರ್ಮಾನಿಸುವವರಿದ್ದಾರೆ; ಅದು ಅವಸರದ ತೀರ್ಮಾನ. ತಾರ್ಕಿಕನು ಯಾವ ಜಾಗದಲ್ಲಿ ಬೆರಳಿಟ್ಟು 'ಇಲ್ಲಿ ಏನೂ ಇಲ್ಲ' ಎನ್ನುತ್ತಾನೋ ಕಥೆಗಾರನ ಕೆಲಸವಿರುವುದು ಅದೇ ಜಾಗದಲ್ಲಿ, ಏಕೆಂದರೆ ಮೊಲವೂ ಕೊಂಬೂ ಲೋಕದಿಂದ ಬಂದರೆ ಅವುಗಳ ಸಂಬಂಧವನ್ನು ಅವನೇ ಒದಗಿಸಬೇಕು. ನರಸಿಂಹನ ರೂಪ ಇಂದಿಗೂ ಅಸಂಗತವೆನಿಸದಿರುವುದಕ್ಕೆ ಭಕ್ತಿಯಲ್ಲದೆ ಇನ್ನೊಂದು ಕಾರಣವೂ ಇದೆ: ಮನುಷ್ಯನಿಂದಲೂ ಮೃಗದಿಂದಲೂ ಸಾವು ಬಾರದಿರಲೆಂದು ಹಿರಣ್ಯಕಶಿಪು ಪಡೆದ ವರವೇ ಆ ಜೋಡಣೆಯನ್ನು ಅನಿವಾರ್ಯಗೊಳಿಸುತ್ತದೆ.

ಕೊಂಬುಳ್ಳ ಮೊಲವನ್ನೇ ಒಂದು ಲೋಕದಲ್ಲಿ ಬಿಡುವುದಾದರೆ ಲೆಕ್ಕ ಎಷ್ಟು ದೂರ ಹೋಗುತ್ತದೆಂದು ನೋಡಬಹುದು. ಅಪಾಯ ಕಂಡಾಗ ಮುಳ್ಳುಪೊದೆಗೆ ನುಗ್ಗಿ ಬದುಕುವ ಪ್ರಾಣಿಗೆ ನೆಟ್ಟಗೆ ನಿಂತ ಕೊಂಬು ಸಿಕ್ಕಿಕೊಳ್ಳುವ ಕೊಕ್ಕೆಯಾಗುತ್ತದೆ. ಹಳ್ಳಿಕಾರ್ ಎತ್ತಿನಂತೆ ಹಿಂದಕ್ಕೆ ಬಾಗಿದರೆ ಕಿವಿಗಳೊಂದಿಗೆ ಮಲಗಬಹುದು, ಆದರೆ ಆಗ ಇರಿಯಲು ತಲೆಯನ್ನು ಎದೆಗೆ ತಗ್ಗಿಸಬೇಕು, ಅದಕ್ಕೆ ಕುತ್ತಿಗೆ ದಪ್ಪವಾಗಬೇಕು, ಭಾರ ಹೆಚ್ಚಿದ ಮೇಲೆ ಓಟ ಕುಗ್ಗಬೇಕು. ಓಡಲಾರದ ಮೊಲ ನಿಂತು ಕಾದುವುದನ್ನು ಕಲಿತರೆ ನರಿಯ ಬೇಟೆಯ ಕ್ರಮವೂ ಬದಲಾಗುತ್ತದೆ, ಮೊಲವು ಮೇಯುವ ಹುಲ್ಲುಗಾವಲಿನ ಸ್ವರೂಪವೂ ಬದಲಾಗುತ್ತದೆ. ಅಮೆರಿಕದ ಕಾಡುಮೊಲಗಳ ತಲೆಯ ಮೇಲೆ ಕೊಂಬಿನಂಥ ಗಂಟುಗಳು ಏಳುವುದುಂಟೆಂಬುದನ್ನೂ, ಅದಕ್ಕೆ ವೈರಸ್ ಕಾರಣವೆಂದು ರಿಚರ್ಡ್ ಶೋಪ್ 1933ರಲ್ಲಿ ತೋರಿಸಿದನೆಂಬುದನ್ನೂ ಕೇಳಿ ಉದಯನ ವಿಚಲಿತನಾಗುತ್ತಿರಲಿಲ್ಲ. ರೋಗದ ಗಂಟು ಕೊಂಬಲ್ಲ, ಮೊಲದ ಬದುಕಿನಲ್ಲಿ ಅದಕ್ಕೆ ಕೆಲಸವೂ ಇಲ್ಲ.

ಕನ್ನಡ ನಾಡಿನ ಶಿಲ್ಪಿಗಳು ಈ ಸಂಬಂಧದ ಮರ್ಮವನ್ನು ಚೆನ್ನಾಗಿ ಬಲ್ಲವರಾಗಿದ್ದರು. 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಕೆತ್ತನೆಯೊಂದರಲ್ಲಿ ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಎರಡು ತಲೆಯ ಗಂಡಭೇರುಂಡ ಹಿಡಿದಿರುವ ಸರಣಿಯಿದೆ. ಮೊದಲ ನಾಲ್ಕು ಪ್ರಾಣಿಗಳು ಲೋಕಸಿದ್ಧ, ಕೊನೆಯ ಎರಡು ಕಲ್ಪಿತ. ಆದರೂ ಒಂದನ್ನು ಮತ್ತೊಂದು ಹಿಡಿಯುವ ನಿಯಮ ನಡುವೆ ಎಲ್ಲೂ ಕಡಿಯದ ಕಾರಣ, ನೋಡುವ ಕಣ್ಣು ಇರುವುದರಿಂದ ಇಲ್ಲದಿರುವುದಕ್ಕೆ ದಾಟಿದ್ದನ್ನು ಗಮನಿಸುವುದೇ ಇಲ್ಲ. ಮೈಸೂರು ಅರಸರ ಲಾಂಛನವಾಗಿ, ಇಂದು ಕರ್ನಾಟಕ ಸರ್ಕಾರದ ಲಾಂಛನವಾಗಿ ಉಳಿದಿರುವ ಗಂಡಭೇರುಂಡವನ್ನು ಎರಡು ತಲೆಯ ವಿಚಿತ್ರ ಹಕ್ಕಿಯೆಂದಷ್ಟೇ ವರ್ಣಿಸಿದರೆ ಅದರ ಅರ್ಧ ಸತ್ವ ಸೋರಿಹೋಗುತ್ತದೆ.

ಗಗನಕುಸುಮದ ಪ್ರಶ್ನೆ ಇನ್ನೂ ಬಿಗಿ, ಏಕೆಂದರೆ ಹೂವು ಗಿಡವನ್ನೂ ಗಿಡ ನೆಲವನ್ನೂ ಬೇಡುತ್ತದೆ. ಮಾವಿನ ಮರದ ಮೇಲೆ ಬೆಳೆಯುವ ಬಂದಳಿಕೆ ಮಾತ್ರ ನೆಲ ಮುಟ್ಟದೆಯೇ ಹೂ ಬಿಡುತ್ತದೆ; ಆದರೆ ಅದಕ್ಕೆ ನೀರು ಮಾವಿನ ಕೊಂಬೆಯಿಂದ ಬರುತ್ತದೆ, ಅಂಟುವ ಬೀಜ ಹಕ್ಕಿಯ ಮೂಲಕ ಇನ್ನೊಂದು ಕೊಂಬೆಗೆ ದಾಟುತ್ತದೆ. ಆಕಾಶದ ಹೂವನ್ನು ಬರೆಯುವವನು ಕೊಂಬೆಗೂ ಹಕ್ಕಿಗೂ ಬದಲಿಯಾಗಿ ಏನನ್ನು ಕೊಡುತ್ತಾನೆಂದು ಹೇಳದಿದ್ದರೆ ಅವನ ಹೂವು ಪತಂಜಲಿ ಹೇಳಿದ ವಿಕಲ್ಪವಾಗಿಯೇ ಉಳಿಯುತ್ತದೆ. ಆರು ಕಾಲು, ಮೂರು ಕಣ್ಣು ಅಂಟಿಸಿ, ಬಾಯಿಗೆ ಬಾರದ ಹೆಸರಿಟ್ಟು ಮುಗಿಸಿದ ಪ್ರಾಣಿಗಳಿಗೂ ಇದೇ ಗತಿ.

ಪೂರ್ಣಚಂದ್ರ ತೇಜಸ್ವಿಯವರ 1980ರ ಕಾದಂಬರಿ 'ಕರ್ವಾಲೊ'ದಲ್ಲಿ ಪಾತ್ರಗಳು ಹುಡುಕಿಕೊಂಡು ಹೋಗುವ ಹಾರುವ ಓತಿ ಕಲ್ಪಿತ ಜೀವಿಯಂತೆ ತೋರಿದರೂ ಪಶ್ಚಿಮಘಟ್ಟದಲ್ಲಿ ನಿಜಕ್ಕೂ ಇರುವಂಥದ್ದು. ಪಾಶ್ಚಾತ್ಯ ಚಿತ್ರಗಳ ಡ್ರ್ಯಾಗನ್ನಿಗೆ ನಾಲ್ಕು ಕಾಲುಗಳ ಜೊತೆಗೆ ಎರಡು ರೆಕ್ಕೆಗಳನ್ನು ಹೊಸದಾಗಿ ಹಚ್ಚಲಾಗಿದ್ದರೆ, ಈ ಓತಿಗೆ ಹೆಚ್ಚುವರಿ ಅಂಗ ಒಂದೂ ಇಲ್ಲ. ಉದ್ದವಾಗಿ ಬೆಳೆದು ಪಕ್ಕಕ್ಕೆ ಚಾಚಿಕೊಳ್ಳುವ ಪಕ್ಕೆಲುಬುಗಳ ಮೇಲೆ ಚರ್ಮವನ್ನು ಬಿಗಿದು ಅದು ಮರದಿಂದ ಮರಕ್ಕೆ ತೇಲುತ್ತದೆ.